ಗೆಲಾಕ್ಸಿ ಗುಚ್ಛಗಳಲ್ಲಿ ರೇಡಿಯೋ ಗೆಲಾಕ್ಸಿಗಳಿಂದ ಅನಿಲದ ತಾಪನ

ಗೆಲಾಕ್ಸಿ ಗುಚ್ಛವೆಂದರೆ ನೂರಾರು ಅಥವಾ ಸಾವಿರಾರು ಗೆಲಾಕ್ಸಿಗಳು ಗುರುತ್ವದಿಂದ ಬಂಧಿತವಾಗಿರುವ ಸಮೂಹ. ಗೆಲಾಕ್ಸಿಗಳ ನಡುವಿನ ಅವಕಾಶವನ್ನು 1ರಿಂದ 10 ಕೋಟಿ ಕೆಲ್ವಿನ್ ಉಷ್ಣತೆಯ ವಿರಳ ಅನಿಲವು ತುಂಬಿರುತ್ತದೆ. ಗುಚ್ಛದ ಕೇಂದ್ರದಲ್ಲಿರುವ ರೇಡಿಯೋ ಗೆಲಾಕ್ಸಿಯು ಈ ಅನಿಲಕ್ಕೆ ಶಕ್ತಿಯನ್ನು ಪೂರೈಸಿ, ಅದು ತಣಿಯುವುದನ್ನು ತಡೆಯುತ್ತದೆ.

ಹಿನ್ನೆಲೆ

ಬಿಸಿ ಅನಿಲವು ಕ್ಷ-ಕಿರಣಗಳನ್ನು ಸೂಸುತ್ತ ಶಕ್ತಿಯನ್ನು ಕಳೆದುಕೊಳ್ಳುತ್ತದೆ. ಅನೇಕ ಗುಚ್ಛಗಳ ಕೇಂದ್ರದಲ್ಲಿ ಅನಿಲವು 100 ಕೋಟಿ ವರ್ಷಗಳೊಳಗೆ ತಣಿಯಬೇಕು; ಪ್ರತಿವರ್ಷ ನೂರಾರು ಸೂರ್ಯರಷ್ಟು ದ್ರವ್ಯ ತಣ್ಣಗಾಗಿ ನಕ್ಷತ್ರಗಳು ಹುಟ್ಟಬೇಕು. ಆದರೆ 1999ರಲ್ಲಿ ಉಡಾವಣೆಯಾದ ಚಂದ್ರಾ ಮತ್ತು ಎಕ್ಸ್‌ಎಂಎಂ-ನ್ಯೂಟನ್ ದೂರದರ್ಶಕಗಳಿಗೆ ಅಷ್ಟು ಪ್ರಮಾಣದ ತಣಿಯುವ ಅನಿಲ ಕಂಡುಬರಲಿಲ್ಲ.

ತಾಪನದ ವಿಧಾನ

ಕೇಂದ್ರ ಗೆಲಾಕ್ಸಿಯ ಬೃಹತ್ ಕಪ್ಪುಕುಳಿಯತ್ತ ದ್ರವ್ಯ ಬೀಳುವಾಗ ಎರಡು ವಿರುದ್ಧ ದಿಕ್ಕುಗಳಲ್ಲಿ ಕಣಗಳ ಜೆಟ್‌ಗಳು ಚಿಮ್ಮುತ್ತವೆ. ಇವು ಅನಿಲವನ್ನು ಬದಿಗೆ ತಳ್ಳಿ, ರೇಡಿಯೋ ತರಂಗಗಳನ್ನು ಸೂಸುವ ಗುಳ್ಳೆಗಳನ್ನು ಊದುತ್ತವೆ. ಕ್ಷ-ಕಿರಣ ಚಿತ್ರಗಳಲ್ಲಿ ಗುಳ್ಳೆಗಳ ಜಾಗ ಕಪ್ಪು ಪೊಳ್ಳುಗಳಂತೆ ಕಾಣುತ್ತದೆ. ಪೊಳ್ಳಿನ ಗಾತ್ರ ಮತ್ತು ಸುತ್ತಲಿನ ಒತ್ತಡದಿಂದ ಜೆಟ್‌ಗಳು ಸುರಿದ ಶಕ್ತಿಯನ್ನು ಅಂದಾಜಿಸಬಹುದು. ನೀರಿನಲ್ಲಿ ಗಾಳಿಗುಳ್ಳೆ ಮೇಲೇರುವಂತೆ ಈ ಗುಳ್ಳೆಗಳೂ ಹೊರಮುಖವಾಗಿ ಏರುತ್ತ ಅನಿಲವನ್ನು ಕಲಕುತ್ತವೆ. ಈ ಕಲಕಾಟ, ಆಘಾತ ತರಂಗ ಹಾಗೂ ಶಬ್ದ ತರಂಗಗಳ ಮೂಲಕ ಶಕ್ತಿಯು ಶಾಖವಾಗುತ್ತದೆ. ಇವುಗಳಲ್ಲಿ ಯಾವುದರ ಪಾಲು ಹೆಚ್ಚೆಂಬುದು ಇನ್ನೂ ಚರ್ಚೆಯಲ್ಲಿದೆ. ಪರ್ಸಿಯಸ್ ಗುಚ್ಛದ ಎನ್‌ಜಿಸಿ 1275 ಗೆಲಾಕ್ಸಿಯ ಸುತ್ತ ಇಂತಹ ಪೊಳ್ಳುಗಳನ್ನು 1993ರಲ್ಲಿ ರೋಸ್ಯಾಟ್ ಉಪಗ್ರಹದ ಚಿತ್ರಗಳಲ್ಲಿಯೂ, ಶಬ್ದ ತರಂಗಗಳ ಅಲೆಗಳನ್ನು 2003ರಲ್ಲಿ ಚಂದ್ರಾ ಚಿತ್ರಗಳಲ್ಲಿಯೂ ಗುರುತಿಸಲಾಯಿತು.

ಸ್ವಯಂನಿಯಂತ್ರಣ

ತಾಪನವು ತಣಿಕೆಗೆ ಸರಿದೂಗುವುದು ಹೇಗೆಂಬುದನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರತೀಕ್ ಶರ್ಮಾ ಮತ್ತು ಸಹವರ್ತಿಗಳು ಗಣಕ ಮಾದರಿಗಳ ಮೂಲಕ ಅಧ್ಯಯನ ಮಾಡಿದ್ದಾರೆ. ಅನಿಲ ತಣಿಯಲು ಬೇಕಾದ ಕಾಲವು ಅದು ಕೇಂದ್ರಕ್ಕೆ ಮುಕ್ತವಾಗಿ ಬೀಳುವ ಕಾಲದ ಸುಮಾರು 10 ಪಟ್ಟಿಗಿಂತ ಕಡಿಮೆಯಾದಾಗ ತಣ್ಣನೆಯ ಮುದ್ದೆಗಳು ಸಾಂದ್ರೀಕರಿಸಿ ಕಪ್ಪುಕುಳಿಯತ್ತ ಬೀಳುತ್ತವೆ. ಆಗ ಜೆಟ್‌ಗಳು ಬಲಗೊಂಡು ಅನಿಲ ಕಾಯುತ್ತದೆ, ಸಾಂದ್ರೀಕರಣ ನಿಲ್ಲುತ್ತದೆ, ಜೆಟ್‌ಗಳು ಕುಂದುತ್ತವೆ, ಅನಿಲ ಮತ್ತೆ ತಣಿಯತೊಡಗುತ್ತದೆ. ದೇವವ್ರತ್ ಪ್ರಸಾದ್, ಶರ್ಮಾ ಮತ್ತು ಆರಿಫ್ ಬಾಬುಲ್ 2015ರಲ್ಲಿ ಪ್ರಕಟಿಸಿದ ಪ್ರಬಂಧವು ಈ ಆವರ್ತನವನ್ನು ವಿವರಿಸುತ್ತದೆ.

ಒಫಿಯೂಕಸ್ ಗುಚ್ಛ

ಸುಮಾರು 39 ಕೋಟಿ ಜ್ಯೋತಿರ್ವರ್ಷ ದೂರದ ಒಫಿಯೂಕಸ್ ಗುಚ್ಛದಲ್ಲಿ ಬೃಹತ್ ಪೊಳ್ಳೊಂದು ಇರುವುದನ್ನು 2020ರಲ್ಲಿ ದೃಢಪಡಿಸಲಾಯಿತು. ಅದನ್ನು ತುಂಬಿರುವ ರೇಡಿಯೋ ಹೊರಸೂಸುವಿಕೆಯನ್ನು ಪುಣೆ ಬಳಿಯ ಜಿಎಂಆರ್‌ಟಿ ಮತ್ತು ಆಸ್ಟ್ರೇಲಿಯಾದ ಮರ್ಚಿಸನ್ ವೈಡ್‌ಫೀಲ್ಡ್ ಅರೇ ದಾಖಲಿಸಿದವು. ಎರಡನೆಯದರ ಡಿಜಿಟಲ್ ಗ್ರಾಹಕಗಳನ್ನು ರೂಪಿಸಿದ್ದು ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆ. ಈ ಪೊಳ್ಳನ್ನು ಊದಿದ ಜೆಟ್‌ಗಳು ಈಗ ಅಡಗಿವೆ; ಉಳಿದಿರುವುದು ಹಳೆಯ ಸ್ಫೋಟದ ಕುರುಹು ಮಾತ್ರ.