ಅರಿಸಿನ ಮತ್ತು ಮೆಣಸು

ಬಾಲ್ಯದಲ್ಲಿ ಕಾಲು ಉಳುಕಿಸಿಕೊಂಡು ಕುಂಟುತ್ತ ಮನೆಗೆ ಬಂದಾಗ ಅಜ್ಜಿ ಬೈಯುತ್ತಲೇ ಅರಿಸಿನ ಸುಣ್ಣಗಳನ್ನು ಕಲಸಿ ಬಿಸಿಬಿಸಿಯಾಗಿ ಪಟ್ಟು ಹಾಕುತ್ತಿದ್ದುದು ವಾಚಕರಲ್ಲಿ ಅನೇಕರಿಗೆ ನೆನಪಿದ್ದೀತು. ಹಳದಿಯ ಪುಡಿ ಸುಣ್ಣ ಸೋಕಿದೊಡನೆ ರಕ್ತವರ್ಣಕ್ಕೆ ತಿರುಗುವುದನ್ನು ನೋಡುತ್ತ ನಾನು ನೋವನ್ನೇ ಮರೆಯುತ್ತಿದ್ದೆ. ಆರತಿ ತಟ್ಟೆಯ ಓಕುಳಿಯೂ ಇದೇ ಮಾಯೆ. ಈ ಬಣ್ಣದ ಮೂಲವಸ್ತುವಾದ ಕರ್ಕ್ಯುಮಿನ್ನನ್ನು ವೋಗೆಲ್ ಮತ್ತು ಪೆಲೆಟಿಯೆ ಎಂಬ ರಸಾಯನಜ್ಞರು 1815ರಲ್ಲಿ ಬೇರ್ಪಡಿಸಿದರು. ಅದರ ಅಣುರಚನೆ ತಿಳಿದದ್ದು 1910ರಲ್ಲಿ.

ಪ್ರಯೋಗಶಾಲೆಯ ಗಾಜಿನ ತಟ್ಟೆಯಲ್ಲಿ ಬೆಳೆಸಿದ ಜೀವಕೋಶಗಳಲ್ಲಿ ಕರ್ಕ್ಯುಮಿನ್ ಉರಿಯೂತವನ್ನು ಕೆರಳಿಸುವ ಕಿಣ್ವಗಳನ್ನು ತಗ್ಗಿಸುತ್ತದೆ. ಆದರೆ ಗಾಜಿನ ತಟ್ಟೆಯೇ ಬೇರೆ, ಮನುಷ್ಯನ ಹೊಟ್ಟೆಯೇ ಬೇರೆ. ಇದು ನೀರಿನಲ್ಲಿ ಕರಗುವುದಿಲ್ಲ. ರಕ್ತಕ್ಕೆ ಸೇರುವ ಅಲ್ಪಾಂಶವನ್ನೂ ಕರುಳು ಮತ್ತು ಯಕೃತ್ತುಗಳು ರೂಪಾಂತರಿಸಿ ಹೊರದೂಡುತ್ತವೆ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು 1998ರಲ್ಲಿ ಪ್ರಕಟಿಸಿದ ಪ್ರಯೋಗ ಇಲ್ಲಿ ಸ್ಮರಣೀಯ. ಎರಡು ಗ್ರಾಂ ಕರ್ಕ್ಯುಮಿನ್ ನುಂಗಿದವರ ರಕ್ತದಲ್ಲಿ ಅದರ ಸುಳಿವೇ ಹೆಚ್ಚಾಗಿ ಸಿಗಲಿಲ್ಲ. ಮೆಣಸಿನ ಸಾರವಾದ ಪೈಪರಿನ್ನನ್ನು ಕೇವಲ 20 ಮಿಲಿಗ್ರಾಂ ಕೂಡಿಸಿದಾಗ ಹೀರಿಕೆ ಇಪ್ಪತ್ತು ಪಟ್ಟು ಏರಿತು. ಅರಿಸಿನದ ಹಾಲಿಗೆ ಚಿಟಿಕೆ ಮೆಣಸು ಹಾಕುತ್ತಿದ್ದ ಅಜ್ಜಿಯಂದಿರಿಗೆ ಈ ಲೆಕ್ಕ ಗೊತ್ತಿತ್ತೆಂದು ನಾನು ಹೇಳಲಾರೆ. ಎರಡು ಗ್ರಾಂ ಕರ್ಕ್ಯುಮಿನ್ನಿಗೆ ಅರುವತ್ತು ಗ್ರಾಮಿಗೂ ಮಿಕ್ಕಿ ಅರಿಸಿನದ ಪುಡಿ ಬೇಕು. ಅಷ್ಟನ್ನು ಯಾವ ಅಜ್ಜಿಯೂ ಹಾಲಿಗೆ ಹಾಕಿದವಳಲ್ಲ.

ಗಾಯಕ್ಕೆ ಅರಿಸಿನ ಬಳಸುವುದಕ್ಕೆ 1995ರಲ್ಲಿ ಅಮೆರಿಕೆ ಕೊಟ್ಟ ಪೇಟೆಂಟು ನಮ್ಮವರ ಆಕ್ಷೇಪದಿಂದ 1997ರಲ್ಲಿ ರದ್ದಾಯಿತು. ಆ ಗೆಲುವಿಗೆ ಹಿಗ್ಗಿದ ನಾವು, ಅದೇ ಅರಿಸಿನದ ಸಾರ ಗುಳಿಗೆಯಾಗಿ ಅಂಗಡಿಯಲ್ಲಿ ಬಂದು ಕುಳಿತಾಗ ಅದರ ಪ್ರಮಾಣವನ್ನು ವಿಚಾರಿಸುವ ಗೋಜಿಗೆ ಹೋಗಲಿಲ್ಲ. ಮಂಡಿಯ ಸಂಧಿವಾತದಲ್ಲಿ ನಡೆದ ಸಣ್ಣ ಪ್ರಯೋಗಗಳಲ್ಲಿ ನೋವು ಕೊಂಚ ಇಳಿದದ್ದುಂಟು, ನಿಜ. ಆದರೆ 2019ರಲ್ಲಿ ಇಟಲಿಯಲ್ಲಿ ಇಂಥ ಗುಳಿಗೆ ಸೇವಿಸಿದ ಹಲವರ ಯಕೃತ್ತು ಊದಿಕೊಂಡ ಪ್ರಕರಣಗಳು ಬೆಳಕಿಗೆ ಬಂದವು. ಕರ್ಕ್ಯುಮಿನ್ನನ್ನು ದೇಹದಲ್ಲಿ ತಡೆಹಿಡಿಯುವ ಪೈಪರಿನ್, ರಕ್ತದೊತ್ತಡದ ಪ್ರೊಪ್ರನೊಲಾಲಿನಂಥ ಬೇರೆ ಔಷಧಗಳನ್ನೂ ಹಾಗೆಯೇ ತಡೆಹಿಡಿಯುತ್ತದೆ.

ನಮ್ಮ ನೆರೆಯ ನಿವೃತ್ತ ಉಪಾಧ್ಯಾಯರೊಬ್ಬರು ರಕ್ತದೊತ್ತಡಕ್ಕೆ ಮದ್ದು ತೆಗೆದುಕೊಳ್ಳುವವರು. ಮಂಡಿನೋವಿಗೆಂದು ಈ ಗುಳಿಗೆಯನ್ನೂ ನುಂಗುತ್ತಿದ್ದರು. ವೈದ್ಯರಿಗೆ ತಿಳಿಸಿದ್ದೀರಾ ಎಂದು ಕೇಳಿದೆ. “ಅಡಿಗೆಮನೆಯ ಅರಿಸಿನದ ಸುದ್ದಿಯನ್ನೂ ಅವರಿಗೆ ಹೇಳಬೇಕೇನಪ್ಪ?” ಎಂದು ನಕ್ಕರು. ಸೀಸೆಯ ಮೇಲಿನ ಸಣ್ಣಕ್ಷರಗಳನ್ನು ಇಬ್ಬರೂ ಕನ್ನಡಕವೇರಿಸಿ ಓದಿದೆವು. ಮರುದಿನ ಬೆಳಗ್ಗೆ ಸೀಸೆಯನ್ನು ಚೀಲಕ್ಕೆ ಹಾಕಿಕೊಂಡು ಅವರು ವೈದ್ಯರಲ್ಲಿಗೆ ಹೊರಟರು.