ಪೈ ಅಂದ್ರೆ 180 ಅಲ್ಲ, ಒಂದು ಬಳೆ ತಗೊಳ್ಳಿ

ಮೈಸೂರಿನಲ್ಲಿ ಮೊದಲ ಪಿಯುಸಿ ವಿಜ್ಞಾನದ ಮಕ್ಕಳಿಗೆ ಸಂಜೆ ಲೆಕ್ಕ ಹೇಳಿಕೊಡುವಾಗ ನಾನು ಮೊದಲು ಕೇಳೋದು: ಪೈ ಎಷ್ಟು? ‘180’ ಅಂತಾರೆ. ಹತ್ತನೇ ಕ್ಲಾಸಲ್ಲಿ 3.14 ಅಂತ ಬರೆದು ಪಾಸಾದವರೇ ಇವರು!

ತಪ್ಪು ಮಕ್ಕಳದ್ದಲ್ಲ. ಎಸ್ಸೆಸ್ಸೆಲ್ಸಿಯ ತ್ರಿಕೋನಮಿತಿ ಲಂಬಕೋನ ತ್ರಿಭುಜ, ಡಿಗ್ರಿಗಳಲ್ಲೇ ಮುಗಿಯುತ್ತೆ. ಪಿಯುಸಿಯಲ್ಲಿ ರೇಡಿಯನ್ ಬರುತ್ತೆ, ಕನ್ನಡ ಮಾಧ್ಯಮದವರಿಗೆ ಅದೇ ಹೊತ್ತಿಗೆ ಪಾಠದ ಭಾಷೆಯೂ ಬದಲಾಗುತ್ತೆ. ಅರ್ಥ ಜಾರಿ ಸೂತ್ರವಷ್ಟೇ ಉಳಿಯುತ್ತೆ.

ಹಾಗಾಗಿ ದೇವರಾಜ ಮಾರ್ಕೆಟ್ಟಿನ ಬಳೆ, ಒಂದು ದಾರ ಕೊಡ್ತೀನಿ. ಬಳೆಯ ತ್ರಿಜ್ಯದಷ್ಟು ದಾರ ಕತ್ತರಿಸಿ ಅಂಚಿನ ಮೇಲೆ ಕೂರಿಸಿ. ಆ ಕಂಸ ಕೇಂದ್ರದಲ್ಲಿ ಮಾಡುವ ಕೋನವೇ ಒಂದು ರೇಡಿಯನ್, ಸುಮಾರು 57.3 ಡಿಗ್ರಿ. ಮಗುವಿನ ಬಳೆಯಾದರೂ ಅಜ್ಜಿಯ ಬಳೆಯಾದರೂ ಅಷ್ಟೇ. ಪೂರ್ತಿ ಸುತ್ತಿಗೆ ಇಂಥ 6.28 ದಾರ ಬೇಕು, ಅರ್ಧ ಸುತ್ತಿಗೆ 3.14. ಅಂದ್ರೆ 180 ಡಿಗ್ರಿಗೆ ಸಮ ಆಗೋದು ಪೈ ‘ರೇಡಿಯನ್’. ಪೈ ಅನ್ನೋ ಸಂಖ್ಯೆ ಬದಲಾಗಿಲ್ಲ.

ತ್ರಿಜ್ಯ 1 ಅಂತಿಟ್ಟರೆ ಅದೇ ಏಕಮಾನ ವೃತ್ತ. ಬಲತುದಿಯಿಂದ ಅಂಚಿನಗುಂಟ ನಡೆದ ದೂರವೇ ಕೋನ, ನಡುಗೆರೆಯಿಂದ ಎಷ್ಟು ಮೇಲಿದ್ದೀವೋ ಅದೇ ಸೈನ್. 90 ಡಿಗ್ರಿ ದಾಟಿದರೂ ನಡಿಗೆ ನಿಲ್ಲಲ್ಲ.

‘ರೇಡಿಯನ್’ ಪದ ಅಚ್ಚಾಗಿದ್ದು 1873ರಲ್ಲಿ, ಬೆಲ್‌ಫಾಸ್ಟಿನ ಪ್ರಶ್ನೆಪತ್ರಿಕೆಯೊಂದರಲ್ಲಿ. ಯೋಚನೆ ಹಳೆಯದು: 5ನೇ ಶತಮಾನದ ಕೊನೆಯ ಆರ್ಯಭಟನ ಸೈನ್ ಕೋಷ್ಟಕದಲ್ಲಿ ಪರಿಧಿ 21,600 ಕಲೆ, ತ್ರಿಜ್ಯವೂ ಅದೇ ಅಳತೆಯಲ್ಲಿ 3,438. ಅದನ್ನ 60ರಿಂದ ಭಾಗಿಸಿ, 57.3 ಬರುತ್ತೆ.

ಟ್ಯೂಷನ್‌ಗೆ ದುಡ್ಡಿರುವವರು ಈ ಅರ್ಥವನ್ನ ಕೊಂಡುಕೊಳ್ತಾರೆ. ಉಳಿದವರು ‘ನಂಗೆ ಮ್ಯಾತ್ಸ್ ಬರಲ್ಲ’ ಅಂತ ಸೈನ್ಸ್ ಬಿಡ್ತಾರೆ. ಆ ಪಾಠದ ಮೊದಲ ಪೀರಿಯಡ್ಡಾದರೂ ಕನ್ನಡದಲ್ಲಿ, ಬಳೆ ಹಿಡಿದು ನಡೀಲಿ ಅಂತ ಕೇಳೋದು ಅತಿಯಾಸೆಯೇ?