ಚೀಟಿ ಒಂದೇ ಇದ್ದರೆ ಸಾಕು

ಹೊಳೆನರಸೀಪುರದ ಉಪನೋಂದಣಿ ಕಚೇರಿಯಲ್ಲಿ ಜಮೀನಿನ ಕ್ರಯಪತ್ರ ನೋಂದಣಿಯಾದರೆ ಆ ಸುದ್ದಿ ‘ಜೆ ಸ್ಲಿಪ್’ ರೂಪದಲ್ಲಿ ಕಂದಾಯ ಇಲಾಖೆಯ ‘ಭೂಮಿ’ಗೆ ಹೋಗುತ್ತದೆ. ಅಲ್ಲಿ ಮ್ಯುಟೇಷನ್ ಶುರುವಾಗಿ, ತಕರಾರಿಲ್ಲದಿದ್ದರೆ ಪಹಣಿಯಲ್ಲಿ ಹೆಸರು ಬದಲಾಗುತ್ತದೆ. ‘ಭೂಮಿ’ 2000ದಲ್ಲಿ ಬಂದದ್ದು. ನೋಂದಣಿಯ ‘ಕಾವೇರಿ’ ಬೇರೆ ಇಲಾಖೆಯ ತಂತ್ರಾಂಶ. ಎರಡನ್ನೂ ಕಲಸಿ ಒಂದು ಮಾಡಲಿಲ್ಲ. ನಡುವೆ ಓಡಾಡುವ ಚೀಟಿಯಲ್ಲಿ ಏನಿರಬೇಕೆಂದು ಒಪ್ಪಿಕೊಂಡರು, ಅಷ್ಟೆ.

ಸರ್ವರ್‌ಲೆಸ್ ಲೋಕಕ್ಕೂ ಬೇಕಾಗಿರುವುದು ಇಂಥದೇ ಒಪ್ಪಿತ ಚೀಟಿ. ಅಲ್ಲಿ ಸರ್ವರ್ ಇಲ್ಲವೆಂದಲ್ಲ (‘ಸರ್ವರ್ ಡೌನ್’ ಕೇಳಿ ಸಾಕಾದವರು ಖುಷಿಪಡುವಂತಿಲ್ಲ). ಅದನ್ನು ಸಾಕುವ ಕೆಲಸ ಪ್ರೋಗ್ರಾಂ ಬರೆಯುವವರದಲ್ಲ. ಸುದ್ದಿ ಬಂದಾಗ ಪುಟ್ಟ ಪ್ರೋಗ್ರಾಂ ಎದ್ದು ಕೆಲಸ ಮುಗಿಸುತ್ತದೆ. 2014ರಲ್ಲಿ ಅಮೆಜಾನ್ ‘ಲ್ಯಾಂಬ್ಡಾ’ ತಂದ ಮೇಲೆ ಓಪನ್‌ವಿಸ್ಕ್, ಓಪನ್‌ಫಾಸ್, ಕೆನೇಟಿವ್ ಮುಂತಾದ ಮುಕ್ತ ವೇದಿಕೆಗಳು ಹುಟ್ಟಿದವು. ಕ್ಯೂಬ್‌ಲೆಸ್ ಎಂಬುದೂ ಇತ್ತು, ಅದರ ಅಭಿವೃದ್ಧಿ ನಿಂತಿದೆ. ಮೂಲ ಕೋಡ್ ಕೈಯಲ್ಲಿದ್ದರೂ ವೇದಿಕೆ ನಿಂತರೆ ಅದನ್ನೇ ನೆಚ್ಚಿದವರು ಎಲ್ಲಿಗೆ ಹೋಗಬೇಕು?

ಓಪನ್‌ಫಾಸ್ ಮತ್ತು ಕೆನೇಟಿವ್ ನಡುವೆ ದಾರಿ ಸಲೀಸು. ಎರಡೂ ಕಂಟೇನರುಗಳನ್ನು (ಪ್ರೋಗ್ರಾಂ ಮತ್ತು ಅದಕ್ಕೆ ಬೇಕಾದದ್ದನ್ನೆಲ್ಲ ಸೇರಿಸಿದ ಕಟ್ಟು) ನಡೆಸುವ ಕುಬರ್ನೆಟಿಸ್ ಎಂಬ ತಂತ್ರಾಂಶದ ಮೇಲೆ ಓಡುತ್ತವೆ. ಎಚ್‌ಟಿಟಿಪಿಗೆ ಉತ್ತರಿಸುವ ಒಂದೇ ಕಂಟೇನರನ್ನು ಅಲ್ಲೂ ಇಲ್ಲೂ ಇಡಬಹುದು. ಓಪನ್‌ವಿಸ್ಕ್‌ನ ಪದ್ಧತಿ ಬೇರೆ, ಅಲ್ಲಿಗೆ ಒಯ್ಯಲು ಕೈಕೆಲಸ ಬೇಕು.

ಚೀಟಿಯ ಮಾತಿಗೆ ಬಂದರೆ, 2019ರಲ್ಲಿ ‘ಕ್ಲೌಡ್‌ಇವೆಂಟ್ಸ್’ ಮಾನದಂಡದ ಮೊದಲ ಪೂರ್ಣ ಆವೃತ್ತಿ ಬಂತು. ಅದು ಕಡ್ಡಾಯವಾಗಿ ಕೇಳುವುದು ನಾಲ್ಕೇ ವಿವರ: ಗುರುತಿನ ಸಂಖ್ಯೆ, ಎಲ್ಲಿಂದ ಬಂತು, ಯಾವ ಬಗೆಯ ಘಟನೆ, ಮಾನದಂಡದ ಯಾವ ಆವೃತ್ತಿ. ನಮ್ಮ ಕ್ರಯಪತ್ರಗಳನ್ನೇ ಇದರಲ್ಲಿ ಬರೆದೆವೆನ್ನಿ. ಅರಕಲಗೂಡಿನಲ್ಲೂ 100ನೇ ಪತ್ರವಿರುತ್ತದೆ, ಚನ್ನರಾಯಪಟ್ಟಣದಲ್ಲೂ ಇರುತ್ತದೆ. ಸಂಖ್ಯೆಯೊಂದನ್ನೇ ನಂಬಿದರೆ ಒಬ್ಬರ ಜಮೀನು ಇನ್ನೊಬ್ಬರ ಲೆಕ್ಕಕ್ಕೆ ಸೇರೀತು. ಅದಕ್ಕೇ ಮೂಲವೂ ಸಂಖ್ಯೆಯೂ ಸೇರಿದ ಜೋಡಿ ಬೇರೆ ಘಟನೆಗೆ ಮರುಕಳಿಸಬಾರದೆಂದು ನಿಯಮ.

ನನಗೆ ಇಡೀ ಮಾನದಂಡದಲ್ಲಿ ಹೆಚ್ಚು ಬೆಲೆಬಾಳುವುದು ಇದೊಂದೇ ನಿಯಮ ಎನಿಸುತ್ತದೆ. ನೆಟ್‌ವರ್ಕ್ ಕೈಕೊಟ್ಟಾಗ ವೇದಿಕೆಗಳು ಅದೇ ಸುದ್ದಿಯನ್ನು ಮತ್ತೆ ಕಳಿಸುತ್ತವೆ. ಹಾಸನದಲ್ಲಿ ಒಮ್ಮೆ ಆದ ಕ್ರಯಕ್ಕೆ ಎರಡು ಮ್ಯುಟೇಷನ್ ಅರ್ಜಿ ಹುಟ್ಟಬಾರದಲ್ಲ! ಜೋಡಿ ನೋಡಿ, ಇದು ಬಂದಾಗಿದೆ ಎಂದು ಬದಿಗಿಡಬಹುದು. ಆದರೆ ಹಾಗೆ ಬದಿಗಿಡುವ ಪ್ರೋಗ್ರಾಮನ್ನು ಮಾನದಂಡ ಬರೆದುಕೊಡುವುದಿಲ್ಲ. ಎಷ್ಟು ಸಲ ಮತ್ತೆ ಕಳಿಸಬೇಕು, ಯಾರಿಗೆ ಪ್ರವೇಶ, ಎಷ್ಟು ಹೊತ್ತು ಕಾಯಬೇಕು ಎಂಬುದರಲ್ಲಿ ವೇದಿಕೆಗೊಂದು ರೀತಿ ಇದ್ದೇ ಇದೆ. ಎರಡನ್ನು ಜೋಡಿಸಲು ಹೊರಟವರ ಹೆಚ್ಚಿನ ಸಮಯ ಹೋಗುವುದೂ ಅಲ್ಲೇ.